ಒಂಬತ್ತು ಗುಂಡಿಯ ಪೆಟ್ಟಿಗೆ

ಮುನಿಶಾಮಪ್ಪನವರ ಹೆಸರು ಕೇಳಿದರೆ ಸಾಕು, ನಾಗಲಕ್ಷ್ಮಿಯ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಗುತ್ತಿತ್ತು. ಇದು ಇವತ್ತು ನಿನ್ನೆಯ ಸಿಟ್ಟಲ್ಲ, ಹದಿನೆಂಟು ವರ್ಷ ಕೂಡಿಟ್ಟ ಸಿಟ್ಟು.

ಯಶವಂತಪುರದ ಕಡೆ ತೂಕದ ಯಂತ್ರ ಮಾಡುವ ಒಂದು ಕಾರ್ಖಾನೆಯಿತ್ತು. ಅಲ್ಲಿ ನಾಗಲಕ್ಷ್ಮಿ ಬೆಸುಗೆ ಹಾಕುವ ಸಾಲಿನಲ್ಲಿ ಕೂರುತ್ತಿದ್ದಳು, ಮುನಿಶಾಮಪ್ಪ ಸ್ಟೋರ್ ಕೀಪರ್ ಆಗಿದ್ದರು. ಸಾಲಿಗೆ ಏನು ಬೇಕಾದರೂ ಇಂಡೆಂಟ್ ಚೀಟಿ ಬರೆದು ಸ್ಟೋರಿನ ಕಿಂಡಿಯೊಳಗೆ ತೂರಿಸಬೇಕು. ಆ ಮನುಷ್ಯ ಕನ್ನಡಕ ಏರಿಸಿ ಚೀಟಿ ನೋಡಿ, ಕೆಂಪು ಪೆನ್ನು ತೆಗೆದು, ಬರೆದ ಸಂಖ್ಯೆಯನ್ನು ಹೊಡೆದು ಹಾಕಿ ಕಡಿಮೆ ಮಾಡಿಯೇ ಕೊಡುತ್ತಿದ್ದರು. ನೂರು ಕೇಳಿದವರಿಗೆ ನೂರು ಕೊಟ್ಟ ದಾಖಲೆಯೇ ಇರಲಿಲ್ಲ. ಅವರು ಹೇಗೂ ಕತ್ತರಿಸುತ್ತಾರೆ ಎಂದು ಹೆಂಗಸರು ಹೆಚ್ಚು ಬರೆಯುತ್ತಿದ್ದರು. ಇವರು ಹೇಗೂ ಹೆಚ್ಚು ಬರೆದಿರುತ್ತಾರೆ ಎಂದು ಅವರು ಕತ್ತರಿಸುತ್ತಿದ್ದರು. ಈ ಆಟ ಮೊದಲು ಶುರು ಮಾಡಿದ್ದು ಯಾರು ಎಂದು ಆ ಕಾರ್ಖಾನೆಯ ದೇವರ ಫೋಟೋಗೂ ಗೊತ್ತಿರಲಿಕ್ಕಿಲ್ಲ. ಚೀಟಿಯ ಕೆಳಗೆ ‘ಪಡೆದುಕೊಂಡೆ’ ಎಂದು ಸಹಿ ಹಾಕುವಾಗ ನಾಗಲಕ್ಷ್ಮಿ ಪೆನ್ನನ್ನು ಎಷ್ಟು ಒತ್ತುತ್ತಿದ್ದಳೆಂದರೆ ಕಾಗದ ಹರಿಯುತ್ತಿತ್ತು. ಅವರು ಅದನ್ನೂ ಅಂಟಿಸಿ ಇಡುತ್ತಿದ್ದರು.

ಏಳು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ನಾಗಲಕ್ಷ್ಮಿ ಯಲಹಂಕ ಹಳೇ ಊರಿನ ತನ್ನ ಮನೆಯ ಮುಂಗೋಣೆಯಲ್ಲಿ ರಿಪೇರಿ ಮೇಜು ಹಾಕಿದಳು. ಮಿಕ್ಸಿ, ಇನ್ವರ್ಟರ್, ಮಕ್ಕಳ ರಿಮೋಟ್ ಕಾರು ಎಲ್ಲ ಅವಳ ಕೈಗೆ ಬಂದವು. ಬರಬರುತ್ತಾ ಮೈಕ್ರೋಕಂಟ್ರೋಲರ್ ಎಂಬ ಉಗುರಿನಷ್ಟು ಅಗಲದ ಚಿಪ್ಪಿಗೆ ಪ್ರೋಗ್ರಾಂ ಬರೆಯುವುದನ್ನೂ ವಿಡಿಯೋ ನೋಡಿಯೇ ಕಲಿತಳು. ನಲವತ್ತರ ಮೇಲೆ ಕಲಿತ ವಿದ್ಯೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ, ಹೊರಗೆ ಮಾತ್ರ “ಏನೋ ಅಷ್ಟೋ ಇಷ್ಟೋ” ಎನ್ನುತ್ತಿದ್ದಳು.

ಮುನಿಶಾಮಪ್ಪನವರು ಎರಡು ಬೀದಿ ಆಚೆಯವರೇ. ಅವರ ಅಣ್ಣತಮ್ಮಂದಿರೆಲ್ಲ ಹೊಲದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿ ದೊಡ್ಡ ಕಾರಿನಲ್ಲಿ ಓಡಾಡುತ್ತಿದ್ದರೆ, ಇವರು ಕಾರ್ಖಾನೆ ಮುಚ್ಚುವಾಗ ಗುಜರಿಗೆ ಹೊರಟಿದ್ದ ಚಿಕ್ಕಪುಟ್ಟ ಬಿಡಿಭಾಗಗಳನ್ನು ಕೊಂಡು, ಉಪ್ಪಿನಕಾಯಿ ಬಾಟಲಿಗಳಲ್ಲಿ ತುಂಬಿ, ಒಂದೊಂದಕ್ಕೂ ಚೀಟಿ ಅಂಟಿಸಿ ಒಂದು ಕೋಣೆ ತುಂಬ ಇಟ್ಟುಕೊಂಡಿದ್ದರು. ಅಣ್ಣತಮ್ಮಂದಿರು ಇವರನ್ನು ಬಾಟಲಿ ಮುನಿಶಾಮಿ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನಾಗಲಕ್ಷ್ಮಿಯ ಮುಂಗೋಣೆಗೆ ಬಂದು, ಪೇಪರು ಬಿಚ್ಚಿಕೊಂಡು ಕೂರುವುದು ಅವರ ಅಭ್ಯಾಸ. ಇವಳು ಮುಖ ಹುಳ್ಳಗೆ ಮಾಡಿಕೊಂಡೇ ಕಾಫಿ ಕೊಡುತ್ತಿದ್ದಳು. ಎಪ್ಪತ್ತೊಂದು ವಯಸ್ಸಿನ ಮನುಷ್ಯನನ್ನು ಎದ್ದು ಹೋಗಿ ಎನ್ನಲಾಗುತ್ತದೆಯೇ?

ಇಂಥ ಒಂದು ಬೆಳಿಗ್ಗೆಯೇ ಸಬೀರಾ ಬಂದದ್ದು. ಆರ್.ಟಿ. ನಗರದ ಹುಡುಗಿ, ಇಪ್ಪತ್ನಾಲ್ಕು ವರ್ಷ, ಬಿ.ಎ. ಮುಗಿಸಿದ್ದಳು. ಹುಟ್ಟಿನಿಂದ ಕಣ್ಣು ಕಾಣದು. ಕೋಲು ಮಡಚಿ ಚೀಲಕ್ಕೆ ಹಾಕಿ, ಒಂದು ಹಳೆಯ ಬ್ರೈಲ್ ಟೈಪಿಂಗ್ ಯಂತ್ರವನ್ನು ಮೇಜಿನ ಮೇಲಿಟ್ಟಳು. ಬ್ರೈಲ್‌ನಲ್ಲಿ ಅಕ್ಷರವೆಂದರೆ ಆರು ಚುಕ್ಕೆಗಳ ಆಟ. ಆರು ಚುಕ್ಕೆಗೆ ಆರು ಗುಂಡಿ, ಬೇಕಾದವನ್ನು ಒಟ್ಟಿಗೆ ಒತ್ತಿದರೆ ಒಂದು ಅಕ್ಷರ. ಯಂತ್ರ ಬಿಚ್ಚಿ ನೋಡಿದರೆ ಒಳಗೆಲ್ಲ ಸುಟ್ಟು ಕರಕಲು. ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ.

“ಆಗಲ್ಲಮ್ಮ” ಎಂದಳು ನಾಗಲಕ್ಷ್ಮಿ.

ಸಬೀರಾ ಎದ್ದು ಹೋಗಲಿಲ್ಲ. “ಇನ್ನು ನಾಕು ವಾರಕ್ಕೆ ಪರೀಕ್ಷೆ ಇದೆ ಅಕ್ಕಾ. ಟೈಪಿಸ್ಟ್ ಕೆಲಸದ್ದು. ಹೆಬ್ಬಾಳದ ಕಾಲೇಜಲ್ಲಿ, ಕಂಪ್ಯೂಟರ್ ಮೇಲೆ. ಈ ಪೋಸ್ಟು ಮತ್ತೆ ಯಾವಾಗ ಕರೀತಾರೋ ಗೊತ್ತಿಲ್ಲ. ನಮ್ಮದೇ ಕೀಬೋರ್ಡ್ ತರಬಹುದು ಅಂತ ರೂಲ್ಸಲ್ಲಿದೆ. ಚುಚ್ಚಿದ ತಕ್ಷಣ ಕೆಲಸ ಮಾಡ್ಬೇಕು, ಅವರ ಕಂಪ್ಯೂಟರಲ್ಲಿ ಬೇರೆ ಏನೂ ಹಾಕೋ ಹಾಗಿಲ್ಲ ಅಷ್ಟೆ.”

“ನಿಮ್ಮ ಪರವಾಗಿ ಬರೆಯೋರನ್ನ ಕೊಡ್ತಾರಲ್ವಾ?”

“ಹೋದ್ಸಲ ಕೊಟ್ಟಿದ್ರು. ನಾನು ಹೇಳಿದ್ದೊಂದು, ಆಯಮ್ಮ ಬರೆದಿದ್ದೊಂದು. ‘ಹಿಂಗಲ್ಲ, ಹಂಗೆ ಬರೀಬೇಕು’ ಅಂತ ನನ್ ಜೊತೆ ಜಗಳ ಬೇರೆ. ಎರಡು ಮಾರ್ಕಲ್ಲಿ ಹೋಯ್ತು.” ಸಬೀರಾ ಬೆರಳುಗಳನ್ನು ಮೇಜಿನ ಅಂಚಿನ ಮೇಲೆ ಸಾಲಾಗಿ ಇಟ್ಟಳು. “ಫೇಲ್ ಆದ್ರೆ ಆಗ್ಲಿ ಅಕ್ಕಾ, ನನ್ನ ತಪ್ಪನ್ನ ನಾನೇ ಮಾಡ್ಬೇಕು.”

ಆ ಮಾತಿಗೆ ನಾಗಲಕ್ಷ್ಮಿ ಬಿದ್ದಳು. ಹಳೆಯದು ಹೋಗಲಿ, ಹೊಸದನ್ನೇ ಮಾಡೋಣ ಎಂದು ಬಾಯಿಬಿಟ್ಟು ಹೇಳಿಯೇ ಬಿಟ್ಟಳು. ಹೇಳಿದ ಮೇಲೆ ಹೆದರಿಕೆ ಶುರುವಾಯಿತು.

ಮೊದಲು ಗುಂಡಿ ಬೇಕಿತ್ತು. ಬೆರಳಿಗೆ ಒತ್ತಿದ್ದು ತಿಳಿಯುವಂಥ, ಟಕ್ ಎನ್ನುವ ಒಳ್ಳೆಯ ಗುಂಡಿ. ಅಂಥವು ಎಲ್ಲಿವೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಕೇಳಲು ಬಾಯಿ ಬರುತ್ತಿರಲಿಲ್ಲ. ಎರಡು ದಿನ ತಡೆದು ನೋಡಿ, ಕೊನೆಗೆ ಪೇಪರಿನ ಆಚೆ ಕೂತವರನ್ನು ಕೇಳಿದಳು.

“ಸರ್, ಒಂದು ಡಜನ್ ಗುಂಡಿ ಬೇಕಿತ್ತು. ಆ ತೂಕದ ಮಿಷಿನ್‌ಗೆ ಹಾಕ್ತಿದ್ವಲ್ಲ, ಅವು.”

ಪೇಪರು ಕೆಳಗಿಳಿಯಿತು. “ಒಂದ್ ಡಬ್ಬಕ್ಕೆ ಎಷ್ಟಮ್ಮ?”

“ಒಂಬತ್ತು. ಚುಕ್ಕೆಗೆ ಆರು, ಜಾಗ ಬಿಡೋಕೊಂದು, ಅಳಿಸೋಕೊಂದು, ಮುಂದಿನ ಸಾಲಿಗೆ ಹೋಗೋಕೊಂದು.”

ಮಾರನೆಯ ದಿನ ಕಾಗದದ ಪೊಟ್ಟಣ ಬಂತು. ಬಿಚ್ಚಿ ಎಣಿಸಿದಳು. ಒಂಬತ್ತು. ಮೂರು ಹೆಚ್ಚಿಗೆ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಒಳಗೆ ಹೋಗಿ ಪಾತ್ರೆಗಳ ಹತ್ತಿರ ಗೊಣಗಿದಳು. ಕಾರ್ಖಾನೆ ಮುಚ್ಚಿ ಏಳು ವರ್ಷವಾದರೂ ಕೆಂಪು ಪೆನ್ನು ಬಿಟ್ಟಿಲ್ಲವಲ್ಲ ಈ ಮನುಷ್ಯ!

ಪೆಟ್ಟಿಗೆ ಕಟ್ಟುವುದು ಅವಳಿಗೆ ನೀರು ಕುಡಿದ ಹಾಗೆ. ಕಷ್ಟ ಇದ್ದದ್ದು ಬೇರೆ ಕಡೆ. ಯುಎಸ್‌ಬಿ ತಂತಿ ಚುಚ್ಚಿದ ಕೂಡಲೇ ಕಂಪ್ಯೂಟರು ಹೊಸದಾಗಿ ಬಂದ ವಸ್ತುವನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸಿಕೊಳ್ಳುತ್ತದೆ. ನೀನು ಯಾರು, ನಿನ್ನನ್ನು ಮಾಡಿದವರು ಯಾರು, ಕೀಬೋರ್ಡೋ ಮೌಸೋ, ಎಷ್ಟೆಷ್ಟು ಮಾತು ಒಂದು ಸಲಕ್ಕೆ ಕಳಿಸುತ್ತೀಯ, ಎಷ್ಟು ಕರೆಂಟು ಕುಡಿಯುತ್ತೀಯ. ಇದಕ್ಕೆಲ್ಲ ಉತ್ತರವನ್ನು ಅಂಕಿಗಳಲ್ಲಿ ಪಟ್ಟಿ ಮಾಡಿ ಚಿಪ್ಪಿನೊಳಗೆ ಮೊದಲೇ ಬರೆದಿಟ್ಟಿರಬೇಕು. ಆ ಪಟ್ಟಿಗೆ ಡಿಸ್ಕ್ರಿಪ್ಟರ್ ಎನ್ನುತ್ತಾರೆ. ಒಂದು ಅಂಕಿ ಆಚೀಚೆಯಾದರೂ ಕಂಪ್ಯೂಟರು ಕಾರಣ ಹೇಳುವುದಿಲ್ಲ, ಸುಮ್ಮನೆ ಮುಖ ತಿರುಗಿಸುತ್ತದೆ.

ಮೊದಲ ವಾರ ಪೆಟ್ಟಿಗೆ ತನ್ನನ್ನು ಕೀಬೋರ್ಡ್ ಎಂದು ಹೇಳಿಕೊಳ್ಳಲೇ ಇಲ್ಲ, ಇನ್ನೇನೋ ಎಂದುಕೊಂಡು ಬೇರೆ ಸಾಫ್ಟ್‌ವೇರ್ ಕೇಳಿತು. ಅದನ್ನು ತಿದ್ದಿದಳು. ಎರಡನೆಯ ವಾರ ಪಟ್ಟಿಗೆ ಹೊಸ ಸಾಲು ಸೇರಿಸಿ, ಪಟ್ಟಿಯ ಒಟ್ಟು ಉದ್ದವನ್ನು ಮೇಲೆ ತಿದ್ದಲು ಮರೆತಳು. ಆ ಒಂದು ಮರೆವಿಗೆ ನಾಲ್ಕು ದಿನ ಹೋಯಿತು. ಕರೆಂಟಿನ ಸಾಲಿಗೆ ಬಂದಾಗ ಮಾತ್ರ ಯೋಚನೆ ಮಾಡುವ ಗೋಜೇ ಇರಲಿಲ್ಲ. ಹೆಚ್ಚೆಂದರೆ ಎಷ್ಟು ಬರೆಯಬಹುದೋ ಅಷ್ಟನ್ನು ಬರೆದಳು, ಇರಲಿ ಎಂದು. ಮೂರನೆಯ ವಾರದ ಗುರುವಾರ ಅವಳ ಲ್ಯಾಪ್‌ಟಾಪು ಪೆಟ್ಟಿಗೆಯನ್ನು ಒಪ್ಪಿಕೊಂಡಿತು.

ಸಬೀರಾ ಕೂತು ತನ್ನ ಹೆಸರು ಒತ್ತಿದಳು. ಪರದೆಯ ಮೇಲೆ ಕನ್ನಡದಲ್ಲಿ ಸಬೀರಾ ಎಂದು ಬಂತು, ಲ್ಯಾಪ್‌ಟಾಪು ಗಟ್ಟಿಯಾಗಿ ಓದಿಯೂ ಹೇಳಿತು. ಅವಳು ಇನ್ನೊಂದು ಸಲ ಒತ್ತಿದಳು, ಮತ್ತೊಂದು ಸಲ ಒತ್ತಿದಳು. ಮೂರೂ ಸಲ ಯಂತ್ರ ಅವಳ ಹೆಸರನ್ನೇ ಕರೆಯಿತು. ಪೇಪರಿನ ಹಿಂದಿನಿಂದ ಮೂಗು ಸೀಟಿದ ಸದ್ದು ಬಂತು. ನೆಗಡಿ ಇರಬೇಕು ಎಂದುಕೊಂಡಳು ನಾಗಲಕ್ಷ್ಮಿ.

ಭಾನುವಾರದ ಪರೀಕ್ಷೆಗೆ ಮುಂಚಿನ ಶುಕ್ರವಾರ ತಂದ ಸಾಧನಗಳ ತಪಾಸಣೆ. ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ನೋಡಿದರೆ ಮುನಿಶಾಮಪ್ಪನವರ ಹಳೇ ಓಮ್ನಿ ಬಾಗಿಲಲ್ಲಿ ನಿಂತಿದೆ.

“ಆ ಮಗೂನ ಬಸ್ಸಲ್ಲಿ ಯಾಕ್ ತಳ್ಳಾಡಿಸ್ತೀಯ? ಗಾಡಿ ಅತ್ತಿ, ಓಗನ” ಎಂದರು.

ಆರ್.ಟಿ. ನಗರದಲ್ಲಿ ಸಬೀರಾಳನ್ನು ಹತ್ತಿಸಿಕೊಂಡು, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಅರ್ಧ ಗಂಟೆ ತೆವಳಿ ಹನ್ನೊಂದಕ್ಕೆ ಕಾಲೇಜು ಮುಟ್ಟಿದರು. ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕಿ ನಾರಾಯಣಮ್ಮ ಮೇಡಂ. ಕತ್ತಿನಲ್ಲಿ ನೇತಾಡುವ ಕನ್ನಡಕ, ಕೈಯಲ್ಲಿ ಹೆಸರಿನ ಪಟ್ಟಿ. ಕಂಪ್ಯೂಟರುಗಳನ್ನೆಲ್ಲ ಕಬ್ಬಿಣದ ಪಂಜರದೊಳಗಿಟ್ಟು ಬೀಗ ಹಾಕಿದ್ದರು. ಒಂದೊಂದು ಮೇಜಿನ ಮೇಲೂ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ, ಅದರಲ್ಲಿ ನಾಲ್ಕು ತೂತು. ಏನೇ ಚುಚ್ಚಿದರೂ ಅದಕ್ಕೇ ಚುಚ್ಚಬೇಕು. ಅದರಿಂದ ಒಂದೇ ಒಂದು ಸಣ್ಣ ತಂತಿ ಪಂಜರದೊಳಕ್ಕೆ ಹೋಗುತ್ತಿತ್ತು. ಪರದೆಯ ತುಂಬ ಪರೀಕ್ಷೆಯ ಪ್ರೋಗ್ರಾಂ, ಬೇರೆ ಏನೂ ಕಾಣುವ ಹಾಗಿರಲಿಲ್ಲ.

ನಾಗಲಕ್ಷ್ಮಿ ತಂತಿ ಚುಚ್ಚಿದಳು. ಸಬೀರಾ ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿದಳು.

ಏನೂ ಬರಲಿಲ್ಲ.

ಮತ್ತೆ ಒತ್ತಿದಳು. ಪಕ್ಕದ ಕಂಪ್ಯೂಟರಿಗೆ ಹೋದರು, ಅದರ ಪಕ್ಕದ್ದಕ್ಕೆ ಹೋದರು. ಕಾಲೇಜಿನ ಕೀಬೋರ್ಡ್ ಚುಚ್ಚಿದರೆ ಚೆನ್ನಾಗಿಯೇ ಓಡುತ್ತದೆ, ಇವರ ಪೆಟ್ಟಿಗೆ ಚುಚ್ಚಿದರೆ ಕಲ್ಲು. ಸಬೀರಾ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಮೇಡಂ ಕೆಟ್ಟವರಲ್ಲ. ಅವಳ ಭುಜ ತಟ್ಟಿ ಹೇಳಿದರು:

“ಮೂರು ಗಂಟೆಗೆ ಲಿಸ್ಟ್ ಕಳಿಸ್ಬೇಕು. ಅಷ್ಟರೊಳಗೆ ಸರಿ ಮಾಡ್ಕೊಂಡು ಬನ್ನಿ, ನೋಡೋಣ. ಆಗ್ಲಿಲ್ಲ ಅಂದ್ರೂ ಭಯ ಬೇಡಮ್ಮ, ಬರೆಯೋಕೆ ಒಳ್ಳೇವ್ರನ್ನೇ ಹಾಕ್ಸ್ತೀನಿ.”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸಬೀರಾಳ ಮುಖ ಮಾತ್ರ ಆ ಮಾತಿಗೆ ಇಳಿದುಹೋಯಿತು.

ಅಂಗಳದ ಹೊಂಗೆ ಮರದ ಕೆಳಗೆ ಕಲ್ಲು ಬೆಂಚು. ನಾಗಲಕ್ಷ್ಮಿ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಪೆಟ್ಟಿಗೆ ಅದಕ್ಕೆ ಚುಚ್ಚಿದರೆ ಸಲೀಸಾಗಿ ಮಾತಾಡುತ್ತದೆ! ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು, ಕೆಳಗಿಂದ ಮೇಲೆ ನೋಡಿದಳು. ಉದ್ದ ಸರಿ ಇದೆ, ಕೀಬೋರ್ಡ್ ಎಂದೇ ಇದೆ. ಹನ್ನೆರಡಾಯಿತು, ಒಂದಾಯಿತು. ಸರಿ ಇರುವುದನ್ನು ತಿದ್ದುವುದು ಹೇಗೆ? ಬೆವರು ಕತ್ತಿನಿಂದ ಇಳಿಯುತ್ತಿತ್ತು. ಬೆಸುಗೆ ಹಾಕುವವಳಿಗೆ ಇದೆಲ್ಲ ಯಾಕೆ ಬೇಕಿತ್ತು, ಒಂದು ಹುಡುಗಿಗೆ ಆಸೆ ತೋರಿಸಿ ಕೈಕೊಟ್ಟೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

“ಬಿಡಿ ಅಕ್ಕಾ” ಎಂದಳು ಸಬೀರಾ, ತಣ್ಣಗೆ. “ಅವರೇ ಬರೀಲಿ.”

ಅಷ್ಟು ಹೊತ್ತಿಗೆ ಮುನಿಶಾಮಪ್ಪನವರು ಮೂರು ಲೋಟ ಟೀ, ಮೂರು ಬನ್ನು ಹಿಡಿದುಕೊಂಡು ಬಂದರು. ಮೂರೇ. ನಾಲ್ಕನೆಯದೊಂದು ಇರಲಿ ಎಂದು ತರುವ ಜೀವವಲ್ಲ ಅದು. ಬೆಂಚಿನ ತುದಿಯಲ್ಲಿ ಕೂತು ಬನ್ನನ್ನು ಟೀಯಲ್ಲಿ ಅದ್ದಿದರು.

“ಅದ್ರಾಗೆ ಏನೇನ್ ಬರ್ದಿದೀಯೋ ಒಂದ್ಸಾರಿ ಓದಮ್ಮ, ಕೇಳನ.”

“ನಿಮಗೆ ಇದೆಲ್ಲ ಅರ್ಥ ಆಗಲ್ಲ ಸರ್.”

“ಅರ್ಥ ಆಗ್ದಿದ್ರೆ ಓಗ್ಲಿ. ನೀನು ಓದು.”

ಉರಿಯುವ ಸಿಟ್ಟಿನಲ್ಲೇ ಓದಿದಳು. ಪಟ್ಟಿಯ ಉದ್ದ ಇಷ್ಟು. ನಾನು ಕೀಬೋರ್ಡು. ಮಾಡಿದವರು ಇಂಥವರು. ಒಂದು ಸಲಕ್ಕೆ ಎಂಟು ಅಂಕಿ ಕಳಿಸುತ್ತೇನೆ. ನನಗೆ ಬೇಕಾದ ಕರೆಂಟು ಐನೂರು ಮಿಲಿಆಂಪ್. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಒಂದು ಸಲ…

“ತಡಿ” ಎಂದರು ಮುನಿಶಾಮಪ್ಪ. ಬನ್ನು ಟೀಯಲ್ಲೇ ಉಳಿಯಿತು. “ಐನೂರು ಬೇಕಾ ಅದ್ಕೆ?”

“ಇಲ್ಲ. ಐವತ್ತೋ ಅರವತ್ತೋ ಸಾಕು.”

“ಮತ್ತೆ ಐನೂರು ಯಾಕ್ ಬರ್ದೆ?”

ನಾಗಲಕ್ಷ್ಮಿ ಬಾಯಿ ತೆರೆದಳು. “ಇರ್ಲಿ ಅಂತ” ಎಂದಳು.

ಮುನಿಶಾಮಪ್ಪನವರು ನಗಲು ಶುರು ಮಾಡಿದರು. ಸದ್ದಿಲ್ಲದ ನಗು, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಅಯ್ಯೋ ನಿನ್ನ! ಆ ಕಂಪ್ಯೂಟ್ರಿಗೂ ಇಂಡೆಂಟ್ ಎಚ್ಗೆ ಬರ್ದಿದೀಯೇನಮ್ಮ?”

ಅವಳಿಗೆ ಮೇಜಿನ ಮೇಲಿನ ಆ ಬೆಂಕಿಪೊಟ್ಟಣ ಕಣ್ಣ ಮುಂದೆ ಬಂತು. ನಾಲ್ಕು ತೂತಿಗೂ ಸೇರಿ ಒಂದೇ ಸಣ್ಣ ತಂತಿ. ಅಂಥ ಡಬ್ಬಿಗಳು ಒಂದೊಂದು ತೂತಿಗೆ ನೂರು ಮಿಲಿಆಂಪ್‌ಗಿಂತ ಹೆಚ್ಚು ಕೊಡಲಾರವು ಎಂದು ಎಲ್ಲೋ ಓದಿದ್ದಳು, ಓದಿ ಮರೆತಿದ್ದಳು. ಅವಳ ಲ್ಯಾಪ್‌ಟಾಪು ಐನೂರು ಕೇಳಿದರೆ ಐನೂರೂ ಕೊಡುವ ಧಾರಾಳಿ, ಅದಕ್ಕೇ ಮನೆಯಲ್ಲಿ ಏನೂ ಗೊತ್ತಾಗಿರಲಿಲ್ಲ. ಇಲ್ಲಿ ಕಂಪ್ಯೂಟರು ಐನೂರು ಎಂದು ಓದಿ, ಅಷ್ಟಿಲ್ಲ ಎಂದು ಬಾಗಿಲು ಮುಚ್ಚಿಕೊಂಡಿತ್ತು.

“ಐನೂರಿಲ್ದಿದ್ರೆ ನೂರಾದ್ರೂ ಕೊಡ್ಬಹುದಿತ್ತಲ್ಲ ಅದು” ಎಂದಳು ಅಳು ನುಂಗುತ್ತಾ. “ಕಮ್ಮಿ ಮಾಡಿ ಕೊಡ್ಬಹುದಿತ್ತಲ್ಲ.”

“ಅದ್ಕೆ ಕೆಂಪು ಪೆನ್ನಿಲ್ಲ ಕಣಮ್ಮ. ಕೇಳಿದ್ದಿದ್ರೆ ಕೊಡ್ತದೆ, ಇಲ್ದಿದ್ರೆ ಓಗು ಅಂತದೆ. ನಿನ್ ಇಂಡೆಂಟ್ ನೋಡಿ ನಿಂಗೆ ಎಷ್ಟ್ ಬೇಕು ಅಂತ ಅದ್ಕೆಂಗೆ ಗೊತ್ತಾಗ್ಬೇಕು?”

“ನಿಮಗೆ ಗೊತ್ತಾಗ್ತಿತ್ತಾ?”

ಕೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. ಮುನಿಶಾಮಪ್ಪನವರು ಕನ್ನಡಕ ಹಾಕಿಕೊಂಡರು.

“ದಿನಾ ಬೆಳಿಗ್ಗೆ ಬಂದು ಬೋರ್ಡಿನ ಡ್ರಾಯಿಂಗ್ ಹರವ್ಕೊಂಡು ಎಣಿಸ್ತಿದ್ದೆ. ಇವತ್ತು ನಿಮ್ ಸಾಲಲ್ಲಿ ಎಷ್ಟ್ ಬೋರ್ಡು, ಬೋರ್ಡಿಗೆ ಎಷ್ಟು ಸಾಮಾನು, ಸುಟ್ಟೋಗಕ್ಕೆ ನಾಕು, ಕೆಳಕ್ ಬಿದ್ದೋಗಕ್ಕೆ ನಾಕು. ನೀನು ಅರವತ್ತು ಬೇಕಾದ್ರೆ ನೂರು ಬರೀತಿದ್ದೆ. ನಾನು ಅರವತ್ತೆಂಟು ಕೊಡ್ತಿದ್ದೆ. ಎಚ್ಗೆ ಕೊಟ್ಟಿದ್ರೆ ನಿನ್ ಡ್ರಾಯರಲ್ಲಿ ಕೊಳೀತಿತ್ತು, ಪಕ್ಕದ್ ಸಾಲಿನೋರು ಕೈ ಕಟ್ಕೊಂಡು ಕೂರ್ಬೇಕಾಗ್ತಿತ್ತು.” ಟೀಯಲ್ಲಿ ಮುಳುಗಿದ್ದ ಬನ್ನನ್ನು ಬೆರಳಿಂದ ಎತ್ತುತ್ತಾ ಕೇಳಿದರು: “ನಿಜ ಏಳು, ನಿಂಗೆ ಒಂದ್ ದಿನ ಆದ್ರೂ ಕಮ್ಮಿ ಬಿತ್ತಾ?”

ನಾಗಲಕ್ಷ್ಮಿ ನೆನಪು ಮಾಡಿಕೊಂಡಳು. ಹದಿನೆಂಟು ವರ್ಷ. ಸಾಮಾನಿಲ್ಲ ಎಂದು ಬೆಸುಗೆ ಕಡ್ಡಿ ಕೆಳಗಿಟ್ಟು ಕೂತ ಒಂದು ದಿನವನ್ನಾದರೂ ಹುಡುಕಿದಳು, ಹಬ್ಬದ ಹಿಂದಿನ ಗಡಿಬಿಡಿಯಲ್ಲಿ, ಮಾರ್ಚಿ ತಿಂಗಳ ಒತ್ತಡದಲ್ಲಿ. ಸಿಗಲಿಲ್ಲ. ಬೇರೆ ಕಾರ್ಖಾನೆಗಳ ಹೆಂಗಸರು ಸಾಮಾನು ಬಂದಿಲ್ಲವೆಂದು ಅರ್ಧ ದಿನಕ್ಕೇ ಮನೆಗೆ ಹೋಗುವಾಗ ಇವರ ಸಾಲು ನಡೆಯುತ್ತಲೇ ಇತ್ತು. ತಾನು ಬೇಕೆಂದು ಬರೆದದ್ದು ಒಂದು ದಿನವೂ ಸಿಕ್ಕಿರಲಿಲ್ಲ, ತನಗೆ ಬೇಕಾದದ್ದು ಒಂದು ದಿನವೂ ತಪ್ಪಿರಲಿಲ್ಲ. ಇಷ್ಟು ವರ್ಷ ಆ ಕಿಂಡಿಯ ಆಚೆ ಕೂತು ಒಬ್ಬ ಮನುಷ್ಯ ತನ್ನ ಕೆಲಸವನ್ನು ತನಗಿಂತ ಚೆನ್ನಾಗಿ ಎಣಿಸುತ್ತಿದ್ದ, ತಾನು ಕಾಗದ ಹರಿಯುವಂತೆ ಸಹಿ ಹಾಕುತ್ತಿದ್ದಳು.

“ಇಲ್ಲ ಸರ್” ಎಂದಳು.

“ಮತ್ತಿನ್ನೇನು! ಟೈಮ್ ನೋಡು, ಎರಡಾಯ್ತು. ಮೊದ್ಲು ಅಳತೆ ಮಾಡು, ಆಮೇಲ್ ಬರಿ.”

ಚೀಲದಲ್ಲಿ ಕರೆಂಟು ಅಳೆಯುವ ಪುಟ್ಟ ಮೀಟರಿತ್ತು. ತಂತಿಯ ನಡುವೆ ಸಿಕ್ಕಿಸಿ, ಸಬೀರಾಳಿಗೆ ಒಂಬತ್ತೂ ಗುಂಡಿಯನ್ನು ಒಟ್ಟಿಗೆ ಒತ್ತಲು ಹೇಳಿದಳು. ಐವತ್ತೆರಡು, ಐವತ್ಮೂರು, ಐವತ್ನಾಲ್ಕು, ಅಲ್ಲಿಗೆ ನಿಂತಿತು.

“ಅರವತ್ತು ಬರಿ” ಎಂದರು ಸ್ಟೋರ್ ಕೀಪರು.

“ಇಲ್ಲಿ ಎರಡೆರಡರ ಲೆಕ್ಕ ಸರ್. ಅರವತ್ತು ಬೇಕಾದ್ರೆ ಮೂವತ್ತು ಅಂತ ಬರೀಬೇಕು.”

“ಮಾವಿನಕಾಯಿ ಎಣಿಸ್ದಂಗೆ ಅನ್ನು, ಜೋಡಿ ಲೆಕ್ಕ. ಬುದ್ಧಿವಂತ್ರೇ ಮಾಡವ್ರೆ.”

ಇನ್ನೂರೈವತ್ತು ಇದ್ದ ಜಾಗದಲ್ಲಿ ಮೂವತ್ತು ಬರೆದಳು. ಬೇರೆ ಒಂದು ಅಂಕಿಯನ್ನೂ ಮುಟ್ಟಲಿಲ್ಲ. ಚಿಪ್ಪಿಗೆ ಮತ್ತೆ ತುಂಬಿಸಿ, ಮೂವರೂ ಎದ್ದರು. ಅದುವರೆಗೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಸಬೀರಾ ಮುನಿಶಾಮಪ್ಪನವರ ಮೊಣಕೈ ಹಿಡಿದು ನಡೆದಳು.

ಎರಡೂವರೆ. ನಾರಾಯಣಮ್ಮ ಮೇಡಂ ಲಿಸ್ಟಿನ ಮೇಲೆ ಪೆನ್ನು ಇಟ್ಟುಕೊಂಡೇ ಕೂತಿದ್ದರು. ಕೋಣೆಯೊಳಗೆ ಇಬ್ಬರಿಗೆ ಮಾತ್ರ ಪ್ರವೇಶ, ಹಾಗಾಗಿ ಮುನಿಶಾಮಪ್ಪನವರು ಬಾಗಿಲ ಹೊರಗೆ ನಿಂತರು. ನಾಗಲಕ್ಷ್ಮಿ ತಂತಿ ಹಿಡಿದಳು. ಮೊದಲು ತಿರುಗುಮುರುಗಾಯಿತು, ಎರಡನೆಯ ಸಲಕ್ಕೆ ಚುಚ್ಚಿಕೊಂಡಿತು. ಪೆಟ್ಟಿಗೆಯ ಮೇಲಿನ ಹಸಿರು ದೀಪ ಹತ್ತಿ, ಆರಿ, ಮತ್ತೆ ಹತ್ತಿತು. ಈ ಸಲ ಹತ್ತಿಕೊಂಡೇ ಉಳಿಯಿತು.

“ಏನಾದ್ರೂ ಟೈಪ್ ಮಾಡಮ್ಮ” ಎಂದರು ಮೇಡಂ.

ಸಬೀರಾಳ ಬೆರಳು ಆಡಿತು. ಟಕ್, ಟಕ್, ಟಕ್ ಎಂದು ಆ ಗುಂಡಿಗಳ ಸದ್ದು ಕೋಣೆಯಲ್ಲಿ ಕೇಳಿಸಿತು. ಪರದೆಯ ಮೇಲೆ ಕನ್ನಡ ಓಡುತ್ತಿತ್ತು. ಮೇಡಂ ಕನ್ನಡಕ ಏರಿಸಿ, ಬಗ್ಗಿ, ಗಟ್ಟಿಯಾಗಿ ಓದಿದರು:

“ಬೇಕಾಗಿದ್ದು ಒಂಬತ್ತು ಗುಂಡಿ. ಕೊಟ್ಟಿದ್ದು ಒಂಬತ್ತು ಗುಂಡಿ. ಕೊಟ್ಟವರು ಮುನಿಶಾಮಪ್ಪ, ಸ್ಟೋರ್ ಕೀಪರ್. ಕಡಿಮೆ ಬಿದ್ದಿಲ್ಲ. ಪಡೆದುಕೊಂಡೆ, ಸಬೀರಾ.” ಮೇಡಂ ತಲೆಯೆತ್ತಿದರು. “ತಪ್ಪಿಲ್ದೆ ಬಂದಿದೆ. ಆದ್ರೆ ಯಾರಮ್ಮ ಇದು ಮುನಿಶಾಮಪ್ಪ?”

ಬಾಗಿಲ ಹೊರಗೆ ಮೂಗು ಸೀಟಿದ ಸದ್ದಾಯಿತು. ಈ ಸಲ ನೆಗಡಿ ಎಂದುಕೊಳ್ಳಲಿಲ್ಲ ನಾಗಲಕ್ಷ್ಮಿ. ಹೊರಗೆ ಹೋದಳು. ಮುದುಕರು ಗೋಡೆ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು, ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

“ಸರ್, ಹದಿನೆಂಟು ವರ್ಷ ನಿಮ್ಮನ್ನ ಬಾಯಿಗೆ ಬಂದಂಗೆ ಬೈಕೊಂಡಿದೀನಿ.”

“ಗೊತ್ತಮ್ಮ. ಸ್ಟೋರಿನ ಗೋಡೆ ತಗಡಿಂದಲ್ವಾ, ಎಲ್ಲಾ ಕೇಳ್ತಿತ್ತು.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. “ನೀವಿಲ್ದಿದ್ರೆ ಇವತ್ತು ಆ ಹುಡುಗಿ ಮುಂದೆ ನಾನು ತಲೆ ಎತ್ತೋ ಹಾಗಿರಲಿಲ್ಲ. ಅವತ್ತೂ ನೀವೇ ನಡೆಸಿದ್ರಿ, ಇವತ್ತೂ ನೀವೇ. ನನಗೆ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತು ಸರ್.”

“ಓಗ್ಲಿ ಬಿಡು” ಎಂದರು ಮುನಿಶಾಮಪ್ಪ. “ಟೀ ಗ್ಲಾಸು ವಾಪಸ್ ಕೊಡ್ಬೇಕು, ಮೂರವೆ.”

ಭಾನುವಾರ ಸಬೀರಾ ಎರಡು ಗಂಟೆ ಕೂತು ಬರೆದಳು. ಆಚೆ ಬಂದವಳೇ, “ಎರಡು ಕಡೆ ತಪ್ಪು ಮಾಡಿದೀನಿ ಅಕ್ಕಾ, ಗೊತ್ತಾಯ್ತು. ಎರಡೂ ನಂದೇ!” ಎಂದಳು. ಪಾಸಾದವಳ ಮುಖದಲ್ಲೂ ಅಂಥ ಕಳೆ ಇರುತ್ತದೋ ಇಲ್ಲವೋ. ಕೆಲಸದ ಕಾಗದ ಬರಲು ಇನ್ನೂ ಎರಡು ತಿಂಗಳು ಬೇಕು. ಆದರೆ ಅವಳ ಜೊತೆ ಪರೀಕ್ಷೆ ಬರೆದ, ಕಣ್ಣು ಕಾಣದ ಇನ್ನೊಬ್ಬ ಹುಡುಗಿ, ತಣಿಸಂದ್ರದ ಮೋನಿಷಾ, ಪೆಟ್ಟಿಗೆಯ ಮೇಲೆ ಕೈಯಾಡಿಸಿ ತನಗೂ ಒಂದು ಬೇಕೆಂದು ಅಲ್ಲೇ ಹಟ ಹಿಡಿದಳು.

ಸೋಮವಾರ ಹತ್ತು ಗಂಟೆಗೆ ಮುನಿಶಾಮಪ್ಪನವರು ಬಂದು ಪೇಪರು ಬಿಚ್ಚಿದರು. ನಾಗಲಕ್ಷ್ಮಿ ಕಾಫಿ ಇಟ್ಟಳು, ಹಾಲು ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಲೋಟದ ಪಕ್ಕ ಒಂದು ಚೀಟಿಯನ್ನೂ ಇಟ್ಟಳು. ಹಳೇ ಕ್ರಮದಲ್ಲೇ ಬರೆದಿದ್ದಳು: ಗುಂಡಿ, ಒಂಬತ್ತು.

ಅವರು ಚೀಟಿಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಜೇಬಿನ ಹತ್ತಿರ ಕೈ ಹೋಯಿತು, ಕೆಂಪು ಪೆನ್ನು ಇನ್ನೂ ಅಲ್ಲೇ ಇತ್ತು. ತೆಗೆಯಲಿಲ್ಲ. ಚೀಟಿಯನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡು ಕಾಫಿ ಕುಡಿದರು.

ಮಂಗಳವಾರ ಪೊಟ್ಟಣ ಬಂತು. ಅವಳು ಮೇಜಿನ ಮೇಲೆ ಸುರಿದು ಎಣಿಸಿದಳು. ಮತ್ತೆ ಎಣಿಸಿದಳು.

“ಸರ್, ಹತ್ತಿದೆ. ಒಂದು ಹೆಚ್ಚಿಗೆ ಬಂದಿದೆ.”

ಪೇಪರು ಕೆಳಗಿಳಿಯಲಿಲ್ಲ.

“ಇರ್ಲಿ” ಎಂದರು ಮುನಿಶಾಮಪ್ಪ.